ಒಬ್ಬನ ಸಾಲಕ್ಕೆ ಹತ್ತು ಜನರ ಹೊಣೆ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಸೀಮೆಯಲ್ಲಿ ತೆಂಗಿನಕಾಯಿ ಕೆಡವಿದ ದಿನವೇ ಹಣವಾಗುವುದಿಲ್ಲ. ಉಂಡೆ ಕೊಬ್ಬರಿಯಾಗಬೇಕಾದರೆ ಸಿಪ್ಪೆಸಹಿತ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು, ನೀರು ಇಂಗಿ, ತಿರುಳು ಚಿಪ್ಪನ್ನು ಬಿಡಬೇಕು. ಮನೆಯ ಖರ್ಚು, ತೋಟದ ಗೊಬ್ಬರ, ಮಗಳ ಮದುವೆ ಅಷ್ಟು ದಿನ ಕಾಯುವುದಿಲ್ಲ. ಅದರ ನಡುವೆ ವರ್ತಕನಿಂದ ಮುಂಗಡ ಪಡೆದವನಿಗೆ ತಿಪಟೂರು ಪೇಟೆಯ ಧಾರಣೆ ಏರಲೆಂದು ತಡೆದು ನಿಲ್ಲುವ ಸ್ವಾತಂತ್ರ್ಯವಿರದು. ರೈತನ ಬೆಲೆಯ ಪ್ರಶ್ನೆಗೂ ಸಾಲದ ಪ್ರಶ್ನೆಗೂ ಬೇರು ಒಂದೇ.

ಈ ಗಂಟನ್ನು ಬಿಡಿಸುವ ಯತ್ನಗಳು ಹಳೆಯವು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ಪತ್ರ ಸುಟ್ಟರೆ ಹಳೆಯ ಸಾಲ ಹೋದೀತು. ಮುಂದಿನ ಬಿತ್ತನೆಗೆ ಹಣ ಕೊಡುವವರಾರು? 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಇದಕ್ಕೊಂದು ದಾರಿ ತೋರಿತು. ಜರ್ಮನಿಯಲ್ಲಿ ರೈಫೈಸೆನ್ ಎಂಬಾತ ಬಡ ಬೇಸಾಯಗಾರರಿಗಾಗಿ ರೂಪಿಸಿದ್ದ ಪದ್ಧತಿಯೇ ಅದರ ಮಾದರಿ. ಮರುವರ್ಷ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪಿತವಾದ ಸಂಘ ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಪ್ರಸಿದ್ಧವಾಗಿದೆ.

ಆ ಕಾಯಿದೆಯ ತಿರುಳು ಅಪರಿಮಿತ ಹೊಣೆ. ಹತ್ತು ಜನ ಸೇರಿದರೆ ಸಂಘ. ಸಂಘ ತೆಗೆದ ಸಾಲ ಮುಳುಗಿದರೆ ಅದಕ್ಕೆ ಸದಸ್ಯರೆಲ್ಲರ ಆಸ್ತಿಯೂ ಈಡು. ಕೇಳಲು ಇದು ಕಠೋರ. ಆದರೆ ಒಂಟಿಯಾಗಿ ಯಾರೂ ನಂಬದ ರೈತನಿಗೆ ಹತ್ತು ಜನರ ಕೂಟದಿಂದ ಪತ್ತು ಹುಟ್ಟಿದುದು ಹೀಗೆಯೇ. ಸಾಹುಕಾರ ಕೇಳುತ್ತಿದ್ದುದು ಹೊಲವೆಷ್ಟು ಎಂದು. ಸಂಘದವರು ಕೇಳಬೇಕಾದುದು ಹಣವೇತಕ್ಕೆ ಎಂದು. ಎತ್ತಿಗೋ, ಆಡಂಬರಕ್ಕೋ ಎಂಬುದು ನೆರೆಯವರಿಗೆ ತಿಳಿಯದ ಗುಟ್ಟಲ್ಲ.

ಶರಣರೇ ಸಹಕಾರ ಸಂಘಗಳನ್ನು ಆರಂಭಿಸಿದರೆಂಬ ಮಾತು ಕೆಲವೊಮ್ಮೆ ವೇದಿಕೆಗಳಲ್ಲಿ ಕೇಳಿಬರುತ್ತದೆ. ಅದು ಅತಿಶಯೋಕ್ತಿ, ಹನ್ನೆರಡನೆಯ ಶತಮಾನಕ್ಕೆ ಇಪ್ಪತ್ತನೆಯ ಶತಮಾನದ ಕಾಯಿದೆಯನ್ನು ಹೊರಿಸುವುದು ಸಲ್ಲದು. ಆದರೂ ಒಂದು ನೆನಪು ಅಪ್ರಸ್ತುತವಲ್ಲ. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳಷ್ಟೆ. ಇಷ್ಟೇ ಸಾಕು ಎಂಬ ಆ ಎಣಿಕೆಯನ್ನು ಕಾಯಿದೆಯ ಯಾವ ಕಲಮೂ ಕಲಿಸಲಾರದು. ಅದಿಲ್ಲದೆಡೆ ಪರಸ್ಪರ ಹೊಣೆ ನಿಲ್ಲದು.

ಇದೇ ಹೊಣೆಯಲ್ಲಿ ಒಂದು ಕೊರತೆಯೂ ಅಡಗಿತ್ತು. ತನ್ನ ಆಸ್ತಿಯನ್ನೇ ಈಡಾಗಿಸಿದವನು ಸಹಜವಾಗಿ ಆಸ್ತಿವಂತನನ್ನೇ ಜೊತೆಗೆ ಬಯಸುತ್ತಾನೆ. ಕಾಯಿ ಸುಲಿಯುವವನ, ಕೊಬ್ಬರಿ ಒಡೆಯುವ ಕೂಲಿಹೆಂಗಸಿನ ಪರವಾಗಿ ಹೊಣೆ ಹೊರುವವರಾರು? ದಾಸೋಹವನ್ನು ಒಪ್ಪಿದ ಸಮಾಜ ಈ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬೇಕಿತ್ತು.

1904ರ ಕಾಯಿದೆ ಪತ್ತಿಗಷ್ಟೇ ಸೀಮಿತವಾಗಿತ್ತು. ಮಾರಾಟ ಮೊದಲಾದ ಉದ್ದೇಶಗಳ ಸಂಘಗಳಿಗೆ 1912ರ ಕಾಯಿದೆ ಅವಕಾಶವಿತ್ತಿತು. ತೆಂಗಿನ ಸೀಮೆಗೆ ಎರಡೂ ಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. 2024ರಲ್ಲಿ ಕೇಂದ್ರದ ಬೆಂಬಲ ಬೆಲೆ 12,000 ರೂಪಾಯಿ; ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿತು; ಖರೀದಿ ಸಹಕಾರಿ ಸಂಸ್ಥೆಯಾದ ನಾಫೆಡ್ ಮೂಲಕ ನಡೆಯಿತು. ಆ ಬೆಲೆ ದಕ್ಕಬೇಕಾದರೆ ಖರೀದಿ ಕೇಂದ್ರ ತೆರೆಯುವ ದಿನದವರೆಗೆ ಕೊಬ್ಬರಿ ರೈತನ ಅಟ್ಟದಲ್ಲಿಯೇ ಉಳಿದಿರಬೇಕು. ಮುಂಗಡಕ್ಕೆ ಸಿಕ್ಕಿ ಅದಕ್ಕೆ ಮೊದಲೇ ಅಳೆದುಕೊಟ್ಟವನ ಹೆಸರು ಕೇಂದ್ರದ ಪಟ್ಟಿಗೆ ಬರುವುದು ಹೇಗೆ?