ನೆಲದಲ್ಲಿ ಎಡ, ಆಗಸದಲ್ಲಿ ಬಲ: ಕಲಿಕೆಯ ಪೈಲಟ್ ಅರಿಯಬೇಕಾದ ಹಾರಾಟದ ನಿಯಮಗಳು

2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಸ್ಟೈನ್‌ಬಾಕ್ ಪಟ್ಟಣದ ಬಳಿ ಎರಡು ಪುಟ್ಟ ತರಬೇತಿ ವಿಮಾನಗಳು ಆಗಸದಲ್ಲಿ ಡಿಕ್ಕಿ ಹೊಡೆದವು. ಒಂದೊಂದರಲ್ಲೂ ಒಬ್ಬೊಬ್ಬ ವಿದ್ಯಾರ್ಥಿ ಪೈಲಟ್. ಇಬ್ಬರೂ ಒಂದೇ ತರಬೇತಿ ಶಾಲೆಯವರು. ಇಬ್ಬರೂ ಮೇಲೇರಿ ಇಳಿಯುವ ಅಭ್ಯಾಸದಲ್ಲಿದ್ದವರು. ಇಬ್ಬರೂ ಉಳಿಯಲಿಲ್ಲ. ಮೃತರಲ್ಲಿ ಒಬ್ಬರು ಕೇರಳದ ಯುವಕ.

ಇಷ್ಟು ವಿಶಾಲವಾದ ಆಕಾಶದಲ್ಲಿ ಎರಡು ಸಣ್ಣ ವಿಮಾನಗಳು ಒಂದಕ್ಕೊಂದು ತಾಗುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಆಕಾಶ ವಿಶಾಲವೇ ಹೌದು, ಆದರೆ ರನ್‌ವೇ ಕಿರಿದು. ಎಲ್ಲೆಲ್ಲೋ ಹಾರುವ ವಿಮಾನಗಳೆಲ್ಲ ಕೊನೆಗೆ ಅದೊಂದೇ ಪಟ್ಟಿಯತ್ತ ಬಂದು ಸೇರುತ್ತವೆ. ಕಲಿಯುವವರು ಹೆಚ್ಚು ಸಮಯ ಕಳೆಯುವುದೂ ಅದರ ಸುತ್ತಲೇ. ಆದ್ದರಿಂದ ಹಾರಾಟದ ನಿಯಮಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದರೆ ಸಾಲದು, ಅವುಗಳ ಕಾರಣವನ್ನೂ ತಿಳಿದಿರಬೇಕು.

ಭಾರತದಲ್ಲಿ 16 ವರ್ಷ ತುಂಬಿದವರು ವಿದ್ಯಾರ್ಥಿ ಪೈಲಟ್ ಪರವಾನಗಿ ಪಡೆಯಬಹುದು. ವಾಣಿಜ್ಯ ಪೈಲಟ್ ಆಗಲು 18 ವರ್ಷ ವಯಸ್ಸು ಹಾಗೂ 200 ಗಂಟೆಗಳ ಹಾರಾಟ ಬೇಕು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿರಲಿ, ಹೊರದೇಶದ ಶಾಲೆಯಿರಲಿ, ಕಲಿಸುವ ಮೂಲ ನಿಯಮಗಳು ಬಹುಮಟ್ಟಿಗೆ ಒಂದೇ. 1944ರ ಷಿಕಾಗೊ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಆ ಒಪ್ಪಂದದ ಎರಡನೇ ಅನುಬಂಧದಲ್ಲಿ ಇವನ್ನು ಕ್ರೋಡೀಕರಿಸಿದೆ.

ಯಾರು ಯಾರಿಗೆ ದಾರಿ ಬಿಡಬೇಕು?

ನಮ್ಮ ರಸ್ತೆಗಳಲ್ಲಿ ಎಡಬದಿಯಲ್ಲಿ ಸಾಗುವುದು ರೂಢಿ. ಆಗಸದಲ್ಲಿ ಇದು ತಿರುವುಮುರುವು. ಎರಡು ವಿಮಾನಗಳು ಎದುರುಬದುರಾಗಿ ಬರುತ್ತಿದ್ದರೆ ಎರಡೂ ತಮ್ಮ ತಮ್ಮ ಬಲಕ್ಕೆ ಹೊರಳಬೇಕು. ದ್ವಿಚಕ್ರ ವಾಹನ ಓಡಿಸಿ ಅಭ್ಯಾಸವಾದ ನಮ್ಮ ಹುಡುಗರ ಕೈ ಗಾಬರಿಯಲ್ಲಿ ಎಡಕ್ಕೆ ಎಳೆಯದಂತೆ ಈ ಪಾಠ ಮೈಗೂಡಬೇಕು.

ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಅಡ್ಡಹಾಯುವಂತಿದ್ದರೆ, ಯಾವುದರ ಬಲಬದಿಯಲ್ಲಿ ಇನ್ನೊಂದು ವಿಮಾನ ಇದೆಯೋ ಅದು ದಾರಿ ಬಿಡಬೇಕು. ಹಿಂದಿಕ್ಕುವ ವಿಮಾನ ಬಲಕ್ಕೆ ಸರಿದು ಮುಂದೆ ಹೋಗಬೇಕು. ಮುಂದಿರುವ ವಿಮಾನಕ್ಕೆ ಆದ್ಯತೆ. ಎಂಜಿನ್ ಇರುವ ವಿಮಾನವು ಗ್ಲೈಡರ್, ಬಲೂನು ಮತ್ತು ವಾಯುನೌಕೆಗಳಿಗೆ ದಾರಿ ಬಿಡಬೇಕು. ಸುಲಭವಾಗಿ ಅತ್ತಿತ್ತ ತಿರುಗಬಲ್ಲದ್ದು, ತಿರುಗಲಾರದ್ದಕ್ಕೆ ಅನುವು ಮಾಡಿಕೊಡಬೇಕೆಂಬುದೇ ಇದರ ತತ್ವ.

ರೆಕ್ಕೆಗಳ ದೀಪಗಳೂ ಇದನ್ನೇ ಹೇಳುತ್ತವೆ. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯಲ್ಲಿ ಹಸಿರು, ಬಾಲದಲ್ಲಿ ಬಿಳಿ ದೀಪ ಇರುತ್ತದೆ. ನಿಮ್ಮ ಬಲಗಡೆಯಿಂದ ಅಡ್ಡ ಬರುವ ವಿಮಾನದ ಎಡರೆಕ್ಕೆ, ಅಂದರೆ ಕೆಂಪು ದೀಪ, ನಿಮಗೆ ಕಾಣುತ್ತದೆ. ಕೆಂಪು ಕಂಡರೆ ನೀವು ದಾರಿ ಬಿಡಬೇಕು. ಅದೇ ಹೊತ್ತಿಗೆ ಆ ಪೈಲಟ್‌ಗೆ ನಿಮ್ಮ ಹಸಿರು ದೀಪ ಕಾಣುತ್ತಿರುತ್ತದೆ. ಕೆಂಪು, ಹಸಿರು ಎರಡೂ ಕಂಡರೆ ವಿಮಾನ ನಿಮ್ಮೆದುರಿಗೇ ಬರುತ್ತಿದೆ ಎಂದರ್ಥ.

ಇನ್ನೊಂದು ಎಚ್ಚರಿಕೆಯೂ ಮುಖ್ಯ. ಗಾಜಿನಲ್ಲಿ ಅತ್ತಿತ್ತ ಸರಿಯುವ ವಿಮಾನಕ್ಕಿಂತ, ಒಂದೇ ಕಡೆ ನಿಂತಂತೆ ಕಂಡು ಮೆಲ್ಲಗೆ ದೊಡ್ಡದಾಗುತ್ತಿರುವ ವಿಮಾನ ಅಪಾಯಕಾರಿ. ಅದು ಸರಿಯುತ್ತಿಲ್ಲ ಎಂದರೆ ಇಬ್ಬರೂ ಒಂದೇ ಬಿಂದುವಿನತ್ತ ಸಾಗುತ್ತಿದ್ದೀರಿ ಎಂದರ್ಥ. ಚಲಿಸದ ವಸ್ತು ಕಣ್ಣಿಗೆ ಬೇಗ ಬೀಳುವುದಿಲ್ಲ. ಆದ್ದರಿಂದಲೇ ಬೋಧಕರು ಆಗಸವನ್ನು ಭಾಗ ಭಾಗವಾಗಿ ನೋಡುತ್ತಿರಬೇಕೆಂದು ಮತ್ತೆ ಮತ್ತೆ ಹೇಳುತ್ತಾರೆ.

ಇಳಿಯುವ ಸರದಿ

ರನ್‌ವೇ ಸುತ್ತ ಆಯತಾಕಾರದಲ್ಲಿ ಸುತ್ತುವ ಪಥವೇ ಸರ್ಕ್ಯೂಟ್. ಬೇರೆ ಸೂಚನೆ ಇಲ್ಲದಿದ್ದರೆ ಇಲ್ಲಿನ ತಿರುವುಗಳೆಲ್ಲ ಎಡಕ್ಕೆ. ಎರಡು ವಿಮಾನಗಳು ಏಕಕಾಲಕ್ಕೆ ಇಳಿಯಲು ಬಂದರೆ ಕೆಳಗಿರುವುದಕ್ಕೆ ಆದ್ಯತೆ. ಆದರೆ ಈ ನಿಯಮವನ್ನು ನೆಪವಾಗಿಸಿಕೊಂಡು, ಕೊನೆಯ ಹಂತದಲ್ಲಿರುವ ವಿಮಾನದ ಮುಂದೆ ನುಸುಳುವಂತಿಲ್ಲ. ತುರ್ತಾಗಿ ಇಳಿಯಲೇಬೇಕಾದ ವಿಮಾನಕ್ಕೆ ಉಳಿದವರೆಲ್ಲರೂ ದಾರಿ ಬಿಡಬೇಕು.

ರೆಕ್ಕೆ ಮೇಲ್ಭಾಗದಲ್ಲಿರುವ ವಿಮಾನದ ಪೈಲಟ್‌ಗೆ ಮೇಲಿನ ನೋಟ ಮರೆಯಾಗುತ್ತದೆ. ರೆಕ್ಕೆ ಕೆಳಗಿರುವ ವಿಮಾನದಲ್ಲಿ ಕೆಳಗಿನ ನೋಟ ಮರೆಯಾಗುತ್ತದೆ. ಒಂದರ ಮೇಲೊಂದು ಬಂದರೆ ಇಬ್ಬರಿಗೂ ಪರಸ್ಪರರ ಸುಳಿವು ಸಿಗದೇ ಹೋಗಬಹುದು. ನಿಯಂತ್ರಣ ಗೋಪುರವಿಲ್ಲದ ನಿಲ್ದಾಣಗಳಲ್ಲಿ ಸರ್ಕ್ಯೂಟಿನ ಪ್ರತಿ ತಿರುವಿನಲ್ಲೂ ತಾನೆಲ್ಲಿದ್ದೇನೆ ಎಂಬುದನ್ನು ರೇಡಿಯೊದಲ್ಲಿ ಸಾರುವುದು ಈ ಕಾರಣಕ್ಕಾಗಿಯೇ.

ಎತ್ತರದ ಲೆಕ್ಕ

ದೂರದ ಹಾರಾಟದಲ್ಲಿ ಎದುರುಬದುರಾಗುವುದನ್ನು ತಪ್ಪಿಸಲು ದಿಕ್ಕಿಗೆ ತಕ್ಕ ಎತ್ತರ ನಿಗದಿಯಾಗಿದೆ. ದಿಕ್ಸೂಚಿಯ 0ಯಿಂದ 179 ಡಿಗ್ರಿವರೆಗೆ, ಅಂದರೆ ಪೂರ್ವದತ್ತ ಸಾಗುವವರಿಗೆ ಬೆಸ ಸಾವಿರ ಅಡಿಗಳು. 180ರಿಂದ 359ರವರೆಗೆ, ಪಶ್ಚಿಮದತ್ತ ಸಾಗುವವರಿಗೆ ಸಮ ಸಾವಿರ ಅಡಿಗಳು. ಉಪಕರಣಗಳನ್ನು ನೆಚ್ಚದೆ ಕಣ್ಣಳತೆಯಲ್ಲಿ ಹಾರುವವರು ಇದಕ್ಕೆ 500 ಅಡಿ ಸೇರಿಸಿಕೊಳ್ಳಬೇಕು. ಬೆಂಗಳೂರಿನಿಂದ ಚೆನ್ನೈ ಕಡೆಗೆ 7,500 ಅಡಿಯಲ್ಲಿ ಹೋದವರು ಮರಳುವಾಗ 6,500 ಅಥವಾ 8,500 ಅಡಿಯಲ್ಲಿ ಬರಬೇಕು.

ನಿಗದಿಯಾದ ಎತ್ತರ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಘೋರ ನಿದರ್ಶನವಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟಿದ್ದ ಸೌದಿ ಅರೇಬಿಯಾದ ವಿಮಾನಕ್ಕೆ 14,000 ಅಡಿ, ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ನೀಡಲಾಗಿತ್ತು. ಕಜಕಸ್ತಾನದ ವಿಮಾನ ತನ್ನ ಎತ್ತರಕ್ಕಿಂತ ಕೆಳಗಿಳಿಯಿತು. ಎರಡೂ ವಿಮಾನಗಳಲ್ಲಿದ್ದ 349 ಮಂದಿಯೂ ಸತ್ತರು.

ಕೇಳಿದ್ದನ್ನು ಮರಳಿ ಹೇಳಬೇಕು

ಮೇಲೇರಲು, ಇಳಿಯಲು, ರನ್‌ವೇ ದಾಟಲು ಅಥವಾ ಅದರ ಹೊರಗೆ ನಿಲ್ಲಲು ನಿಯಂತ್ರಕರು ನೀಡಿದ ಸೂಚನೆಯನ್ನು ಪೈಲಟ್ ಮರಳಿ ಹೇಳಲೇಬೇಕು. ಎತ್ತರಕ್ಕೂ ಇದೇ ನಿಯಮ ಅನ್ವಯ. ಕೇವಲ ‘ಆಯಿತು’ ಎಂದರೆ ಸಾಲದು.

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮೃತಪಟ್ಟರು. ಮೇಲೇರಲು ಅನುಮತಿ ಸಿಗದಿದ್ದರೂ ಒಂದು ವಿಮಾನ ಓಟ ಆರಂಭಿಸಿತ್ತು; ಇನ್ನೊಂದು ಅದೇ ರನ್‌ವೇಯಲ್ಲಿತ್ತು. ರೇಡಿಯೊ ಮಾತು ಅಸ್ಪಷ್ಟವಾಗಿತ್ತು, ಎರಡು ಸಂದೇಶಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಬಳಿಕ ‘ಟೇಕ್ ಆಫ್’ ಎಂಬ ಪದವನ್ನು ಮೇಲೇರುವ ಅನುಮತಿ ನೀಡಲು ಅಥವಾ ರದ್ದುಪಡಿಸಲು ಮಾತ್ರ ಬಳಸುವ ಕಟ್ಟುಪಾಡು ಬಂತು. ಉಳಿದ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು.

ನೆಲದ ಮೇಲಿನ ಗುರುತುಗಳೂ ಮಾತನಾಡುತ್ತವೆ. ರನ್‌ವೇ ಪ್ರವೇಶಕ್ಕೆ ಮುನ್ನ ನಾಲ್ಕು ಹಳದಿ ಗೆರೆಗಳಿರುತ್ತವೆ: ಎರಡು ಅಖಂಡ, ಎರಡು ತುಂಡು. ಅಖಂಡ ಗೆರೆಗಳು ನಿಮ್ಮ ಕಡೆಗಿದ್ದರೆ ಅನುಮತಿಯಿಲ್ಲದೆ ದಾಟುವಂತಿಲ್ಲ. ರನ್‌ವೇಯ ಅಂಕಿ ಅದರ ದಿಕ್ಕನ್ನು ಸೂಚಿಸುತ್ತದೆ. ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳ 09 ಎಂದರೆ ಸುಮಾರು 90 ಡಿಗ್ರಿ, ಅಂದರೆ ಪೂರ್ವ. 27 ಎಂದರೆ ಸುಮಾರು 270 ಡಿಗ್ರಿ, ಅಂದರೆ ಪಶ್ಚಿಮ.

ರೇಡಿಯೊ ಮೂಕವಾದರೆ?

ಒಬ್ಬಂಟಿಯಾಗಿ ಹಾರುತ್ತಿರುವ ವಿದ್ಯಾರ್ಥಿಯ ರೇಡಿಯೊ ಇದ್ದಕ್ಕಿದ್ದಂತೆ ಕೈಕೊಟ್ಟಿತೆನ್ನಿ. ಮೊದಲು ಟ್ರಾನ್ಸ್‌ಪಾಂಡರ್‌ನಲ್ಲಿ 7600 ಸಂಖ್ಯೆ ಹಾಕಬೇಕು. ಸಂಪರ್ಕ ಕಡಿದಿದೆ ಎಂಬುದು ಇದರಿಂದ ರೇಡಾರ್ ಪರದೆಯಲ್ಲಿ ತಿಳಿಯುತ್ತದೆ. ಬೇರೆ ತುರ್ತು ಸ್ಥಿತಿಗೆ 7700, ಅಪಹರಣಕ್ಕೆ 7500. ಆ ಬಳಿಕ ಗೋಪುರದತ್ತ ದೃಷ್ಟಿ ನೆಡಬೇಕು. ಅಲ್ಲಿಂದ ಬರುವ ಬೆಳಕಿನ ಸಂಕೇತಗಳ ಅರ್ಥ ಹೀಗಿದೆ:

ಹಾರಾಟದಲ್ಲಿರುವಾಗ:
- ಸ್ಥಿರ ಹಸಿರು: ಇಳಿಯಲು ಅನುಮತಿ ಇದೆ.
- ಮಿನುಗುವ ಹಸಿರು: ಇಳಿಯಲು ಹಿಂದಿರುಗಿ. ಇಳಿಯುವ ಅನುಮತಿ ಮುಂದೆ ಬರುತ್ತದೆ.
- ಸ್ಥಿರ ಕೆಂಪು: ಬೇರೆ ವಿಮಾನಕ್ಕೆ ದಾರಿ ಬಿಡಿ, ಸುತ್ತುತ್ತಿರಿ.
- ಮಿನುಗುವ ಕೆಂಪು: ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ.
- ಮಿನುಗುವ ಬಿಳಿ: ಈ ನಿಲ್ದಾಣದಲ್ಲೇ ಇಳಿದು ವಿಮಾನ ನಿಲ್ಲಿಸುವ ಅಂಗಳಕ್ಕೆ ಬನ್ನಿ. ಇಳಿಯುವ ಅನುಮತಿ ಮುಂದೆ ಬರುತ್ತದೆ.

ನೆಲದ ಮೇಲಿರುವಾಗ:
- ಸ್ಥಿರ ಹಸಿರು: ಮೇಲೇರಬಹುದು.
- ಮಿನುಗುವ ಹಸಿರು: ನೆಲದ ಮೇಲೆ ಸಾಗಬಹುದು.
- ಸ್ಥಿರ ಕೆಂಪು: ನಿಲ್ಲಿ.
- ಮಿನುಗುವ ಕೆಂಪು: ಇಳಿದಾಣದಿಂದ ಹೊರಸರಿಯಿರಿ.
- ಮಿನುಗುವ ಬಿಳಿ: ಹೊರಟ ಸ್ಥಳಕ್ಕೆ ಮರಳಿ.

ಸಂಕೇತ ತಿಳಿಯಿತು ಎಂದು ಉತ್ತರಿಸಲು ಹಗಲಿನಲ್ಲಿ ರೆಕ್ಕೆಗಳನ್ನು ಅಲುಗಿಸಬೇಕು. ರಾತ್ರಿ ಇಳಿಯುವ ದೀಪವನ್ನು ಎರಡು ಬಾರಿ ಹೊತ್ತಿಸಿ ಆರಿಸಬೇಕು. ಸರ್ಕ್ಯೂಟಿನ ಕೊನೆಯ ಎರಡು ಹಂತಗಳಲ್ಲಿ ಮಾತ್ರ ರೆಕ್ಕೆ ಅಲುಗಿಸುವ ಉತ್ತರವನ್ನು ಗೋಪುರ ನಿರೀಕ್ಷಿಸುವುದಿಲ್ಲ. ನೆಲಕ್ಕೆ ಸಮೀಪವಿರುವಾಗ ವಿಮಾನವನ್ನು ಸ್ಥಿರವಾಗಿಡುವುದೇ ಮುಖ್ಯ.

ಹಕ್ಕಿಗಿಂತ ಹೊಣೆ ದೊಡ್ಡದು

ವೈಮಾನಿಕ ನಿಯಮಗಳ ಪ್ರಶ್ನೆಪತ್ರಿಕೆಯಲ್ಲಿ ಶೇ 70 ಅಂಕ ಪಡೆದರೆ ಉತ್ತೀರ್ಣರಾಗಬಹುದು. ಆದರೆ ಆಗಸದಲ್ಲಿ ಉಳಿದ ಶೇ 30ಕ್ಕೆ ರಿಯಾಯಿತಿ ಇಲ್ಲ. ದಾರಿಯ ಆದ್ಯತೆ ಇರುವ ವಿಮಾನ ತನ್ನ ದಿಕ್ಕು ಮತ್ತು ವೇಗವನ್ನು ಹಾಗೆಯೇ ಕಾಯ್ದುಕೊಳ್ಳಬೇಕು. ಆಗ ಮಾತ್ರ ಅದರ ನಡೆಯನ್ನು ಇನ್ನೊಬ್ಬ ಪೈಲಟ್ ಊಹಿಸಬಲ್ಲ. ಹಾಗೆಂದು ಆದ್ಯತೆ ಇರುವವರಿಗೆ ಡಿಕ್ಕಿ ತಪ್ಪಿಸುವ ಹೊಣೆಯಿಂದ ಬಿಡುಗಡೆ ಇಲ್ಲ ಎಂದೂ ಅದೇ ನಿಯಮಾವಳಿ ಸ್ಪಷ್ಟಪಡಿಸಿದೆ.

ಎದುರಿನವನು ನಿಯಮ ಬಲ್ಲವನೆಂದು ನಂಬಿ ಹಾರಬೇಕು; ಆದರೆ ಆತ ನಮ್ಮನ್ನು ನೋಡಿಲ್ಲದಿರಬಹುದೆಂಬ ಎಚ್ಚರದಲ್ಲಿ ಕಣ್ಣು ತೆರೆದಿರಬೇಕು. ಬೋಧಕರು ಪಕ್ಕದ ಆಸನದಿಂದ ಇಳಿದು, ವಿದ್ಯಾರ್ಥಿಯನ್ನು ಮೊದಲ ಬಾರಿಗೆ ಒಬ್ಬನೇ ಹಾರಲು ಬಿಟ್ಟ ಕ್ಷಣದಿಂದ ಈ ಎರಡೂ ಅವನದೇ ಹೊಣೆ.