ಇಂಗಿಗೆ ‘ಅಸಫೀಟಿಡ’ ಎಂಬ ಹೆಸರು ಬಂದ ಬಗೆ

‘ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು’ ಎಂಬುದು ನಮ್ಮ ಗಾದೆ. ತೆಂಗು ನಮ್ಮ ತೋಟದ್ದು. ಇಂಗು ಮಾತ್ರ ಬಹುಮಟ್ಟಿಗೆ ಪರದೇಶದಿಂದ ಬರುವ ಮಾಲು. ಕಾಗವಾಡ ತಾಲ್ಲೂಕಿನ ಜುಗೂಳದಂಥ ಕೃಷ್ಣಾ ತೀರದ ಊರುಗಳಲ್ಲಿ ಕನ್ನಡಿಗರು ಇಂಗು, ಹಿಂಗು ಎಂದರೆ ಹೊಳೆಯಾಚೆಯ ಮರಾಠಿಗರು ಹಿಂಗ್ ಎನ್ನುತ್ತಾರೆ. ಸಂಸ್ಕೃತದಲ್ಲಿಯೂ ಅದು ‘ಹಿಂಗು’ವೇ. ಆದರೆ ಡಬ್ಬಿಯ ಮೇಲೆ ‘ಅಸಫೀಟಿಡ’ ಎಂದು ಅಚ್ಚಾಗಿರುತ್ತದೆ. ಇದೆಲ್ಲಿಯ ಹೆಸರು?

ಇದು ಎರಡು ಭಾಷೆಗಳ ಬೆಸುಗೆ. ಪಾರಸಿಯ ‘ಅಜಾ’ ಎಂದರೆ ಗಿಡದ ಅಂಟು, ರಾಳ. ಮಧ್ಯಯುಗದ ಲ್ಯಾಟಿನ್ ಬರೆಹಗಾರರು ಅದನ್ನು ‘ಅಸ’ ಮಾಡಿಕೊಂಡು, ‘ಫೀಟಿಡ’, ಅಂದರೆ ‘ನಾರುವ’ ಎಂಬ ತಮ್ಮ ಮಾತನ್ನು ಸೇರಿಸಿದರು. ‘ನಾರುವ ರಾಳ’ ಎಂದಾಯಿತು. ಇಂಗ್ಲಿಷರು ಅದನ್ನೇ ಎತ್ತಿಕೊಂಡರು. ಜರ್ಮನ್ನರಂತೂ ‘ಸೈತಾನನ ಸಗಣಿ’ ಎಂದೇ ಕರೆದರು. ಒಗ್ಗರಣೆಯ ಪರಿಮಳ ಅವರ ಮೂಗಿಗೆ ತಾಕಿರಲಿಲ್ಲವೆಂದು ತೋರುತ್ತದೆ! ಈ ನಾತಕ್ಕೆ ಕಾರಣ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳಲ್ಲಿರುವಂತೆ, ಗಂಧಕದ ಸಂಯುಕ್ತಗಳು.

ಹೆಸರಿನಲ್ಲಿ ಪಾರಸಿ ಮಾತು ಸುಮ್ಮನೆ ಸೇರಿಲ್ಲ. ಇಂಗಿನ ಗಿಡ ಇರಾನ್, ಅಫಘಾನಿಸ್ತಾನಗಳ ಒಣ, ಚಳಿ ಬೆಟ್ಟಗಳದ್ದು. ಜೀರಿಗೆ, ಕೊತ್ತಂಬರಿ, ಗಜ್ಜರಿಗಳ ಕುಟುಂಬಕ್ಕೆ ಸೇರಿದ ಇದಕ್ಕೆ ಗಜ್ಜರಿಯಂತೆ ದಪ್ಪನೆಯ ತಾಯಿಬೇರು. ಸುಮಾರು 5 ವರ್ಷ ಬೆಳೆದ ಮೇಲೆ ಬೇರಿನ ತಲೆಯನ್ನು ಕೊಯ್ದರೆ ಹಾಲು ಒಸರುತ್ತದೆ. ಗಟ್ಟಿಯಾದದ್ದನ್ನು ಹೆರೆದು ತೆಗೆದು, ಮತ್ತೆ ಕೊಯ್ಯುತ್ತಾರೆ.

ನಮ್ಮ ದೇಶದಲ್ಲಿ ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯು ಇರಾನಿನಿಂದ ಬೀಜ ತರಿಸಿ ಸಸಿ ಮಾಡಿತು. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಕ್ವಾರಿಂಗ್ ಗ್ರಾಮದ ಹೊಲದಲ್ಲಿ 2020ರ ಅಕ್ಟೋಬರ್ 15ರಂದು ಮೊದಲ ಸಸಿ ನೆಡಲಾಯಿತು. ಅದು ಹಿಮ ಬೀಳುವ ಸೀಮೆ. ನಮ್ಮ ಹೊಳೆಸಾಲಿನ ಎರೆಭೂಮಿಯಾದರೋ ನೀರು ಹಿಡಿದಿಡುವಂಥದು. 2005, 2019ರಂಥ ಮಹಾಪೂರ ಒಂದು ಸಲ ಬಂದರೂ ಸಾಕು, ವರ್ಷಗಟ್ಟಲೆ ಕಾಯ್ದ ಬೇರು ಕೊಳೆತುಹೋದೀತು. ಕಬ್ಬಿಗೆ ಒಗ್ಗಿದ ನೆಲ ಇಂಗಿಗೆ ಒಗ್ಗದು. ಆದ್ದರಿಂದ ಇಂಗಿನ ಬೀಜ, ಸಸಿ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಎಣಿಸುವ ಮುನ್ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ಇನ್ನು ಡಬ್ಬಿಯ ವಿಚಾರ. ಅಂಗಡಿಯ ಇಂಗಿನ ಪುಡಿ ಸಾಮಾನ್ಯವಾಗಿ ಅಪ್ಪಟ ರಾಳವಲ್ಲ. ಗೋಂದು ಮತ್ತು ಗೋದಿ ಅಥವಾ ಅಕ್ಕಿಯ ಹಿಟ್ಟು ಬೆರೆಸಿದ ‘ಕೂಟು ಇಂಗು’ ಅದು. ಬೆರಕೆಯನ್ನು ಡಬ್ಬಿಯ ಮೇಲೆ ಬರೆದಿದ್ದರೆ ಅದು ಮೋಸವಲ್ಲ. ಬರೆಯದೆ ಬಳಪದ ಕಲ್ಲಿನ ಪುಡಿ ಬೆರೆಸುವುದು ಮಾತ್ರ ಮೋಸ. ಚಿಟಿಕೆ ಇಂಗನ್ನು ಒಂದು ಲೋಟ ನೀರಿಗೆ ಹಾಕಿ ಕದಡಿರಿ. ಅಪ್ಪಟವಾದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಹಿಟ್ಟಿದ್ದರೆ ತುಸು ಗಸಿ ಕೂರಬಹುದು. ಕಲ್ಲಿನ ಪುಡಿಯಿದ್ದರೆ ಮಣ್ಣಿನಂತೆ ತಳದಲ್ಲಿ ಉಳಿಯುತ್ತದೆ.