ಮುರಿದ ಎಲುಬಿಗೆ ಮೂರು ವಾರ

ಬೀಳದೆ ಬೆಳೆದ ಮಕ್ಕಳುಂಟೆ? ಮಂಗಳೂರಿನ ಪಂಪ್‌ವೆಲ್ ಎರಡು ಹೆದ್ದಾರಿಗಳು ಕೂಡುವ ಗಡಿಬಿಡಿಯ ತಾಣ. ಅಲ್ಲಿನ ತಾಯ್ತಂದೆಯರು ರಸ್ತೆಗೆ ಅಂಜುವುದು ಸಹಜ. ಆದರೆ ಎಳೆಯರ ಮೊಣಕೈಗೆ ಮಳೆಗಾಲದ ಪಾಚಿಗಟ್ಟಿದ ಮನೆಯಂಗಳವೂ ಸಾಕು. ಜಾರಿದ ಮಗು ಕೈಯೂರಿ ಬೀಳುತ್ತದೆ. ಮೊಣಕೈಗೆ ತುಸು ಮೇಲೆ, ತೋಳಿನ ಎಲುಬು ತೆಳುವಾಗಿರುವೆಡೆಯಲ್ಲಿ ಬಿರಿಯುತ್ತದೆ. ಐದರಿಂದ ಏಳು ವರ್ಷದವರಲ್ಲಿ ಇದು ಹೆಚ್ಚು.

ಎಲುಬು ಮುರಿಯಿತೆಂದೊಡನೆ ಶಸ್ತ್ರಕ್ರಿಯೆಯೇ ಗತಿಯೆಂದು ಕಂಗೆಡಬೇಕಾಗಿಲ್ಲ. 1959ರಲ್ಲಿ ಅಮೆರಿಕದ ವೈದ್ಯ ಗಾರ್ಟ್‌ಲೆಂಡ್ ಈ ಮುರಿತವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಎಲುಬು ಬಿರಿದಿದ್ದರೂ ಸ್ಥಾನ ಬಿಟ್ಟಿರುವುದಿಲ್ಲ. ಎರಡನೆಯದರಲ್ಲಿ ತುಂಡು ಹಿಂದಕ್ಕೆ ಬಾಗಿದ್ದರೂ ಹಿಂಬದಿಯ ಪದರ ಕೂಡಿಕೊಂಡಿರುತ್ತದೆ. ಮೂರನೆಯದರಲ್ಲಿ ತುಂಡುಗಳು ಪೂರ್ತಿ ಬೇರ್ಪಟ್ಟಿರುತ್ತವೆ. ಅದಕ್ಕೆ ಸಾಮಾನ್ಯವಾಗಿ ತಂತಿ ತೂರಿಸಬೇಕು. ಎರಡನೆಯದರ ಚಿಕಿತ್ಸೆಯನ್ನು ವೈದ್ಯರು ಬಾಗನ್ನು ನೋಡಿ ನಿರ್ಧರಿಸುತ್ತಾರೆ.

ಮೊದಲನೆಯದಕ್ಕೆ ಶಸ್ತ್ರದ ಹಂಗಿಲ್ಲ. ಮೊಣಕೈಯನ್ನು ಲಂಬಕೋನ ಮೀರದಂತೆ ಮಡಿಸಿ, ಪ್ಲಾಸ್ಟರು ಕಟ್ಟಿ, ಕೈಯನ್ನು ಕೊರಳಿನಿಂದ ತೂಗಹಾಕುತ್ತಾರೆ. ಎಲುಬು ಸರಿದಿಲ್ಲವೆಂದು ತಿಳಿಯಲು ವಾರದ ಬಳಿಕ ಮತ್ತೊಮ್ಮೆ ಎಕ್ಸ್‌ರೇ ತೆಗೆಯುವುದುಂಟು. ಸುಮಾರು ಮೂರು ವಾರಗಳಲ್ಲಿ ಪ್ರಕೃತಿಯೇ ಬಿರುಕನ್ನು ಬೆಸೆಯುತ್ತದೆ.

ಹಾಗಾದರೆ ಭಯವೆಲ್ಲಿ? ಕಟ್ಟಿನ ಬಿಗಿಯಲ್ಲಿ! ಮೊಣಕೈಯ ಮುಂದೆಯೇ ಕೈಗೆ ನೆತ್ತರೊಯ್ಯುವ ದೊಡ್ಡ ನಾಳ ಹರಿದಿದೆ. ಮೊದಲ ಒಂದೆರಡು ದಿನ ಕೈ ಬಾತುಕೊಳ್ಳುತ್ತದೆ. ಆಗ ಕಟ್ಟು ಬಿಗಿಯಾದರೆ ಸ್ನಾಯುಗಳು ರಕ್ತವಿಲ್ಲದೆ ಸಾಯುತ್ತವೆ, ಬೆರಳುಗಳು ಶಾಶ್ವತವಾಗಿ ಮುರುಟುತ್ತವೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದರು. ಎಕ್ಸ್‌ರೇ ಇಲ್ಲದೆ ಎಣ್ಣೆ ನೀವಿ, ಬಿದಿರ ದಬ್ಬೆಯಿಟ್ಟು ಬಿಗಿಯುವ ನಾಟಿ ಕಟ್ಟು ಅಪಾಯಕರವೆನ್ನುವುದು ಇದೇ ಕಾರಣಕ್ಕೆ.

ಆದುದರಿಂದ ಆ ದಿನಗಳಲ್ಲಿ ತಾಯಿಯ ಕಣ್ಣು ಮಗುವಿನ ಬೆರಳುಗಳ ಮೇಲಿರಲಿ. ಅವು ಬಿಳಿಚಿದರೆ, ನೀಲಿಗಟ್ಟಿದರೆ, ತಣ್ಣಗಾದರೆ, ಮರಗಟ್ಟಿದರೆ, ಅವನ್ನು ಮೆಲ್ಲನೆ ನೇರಮಾಡಿದಾಗ ಮಗು ಚೀರಿದರೆ, ನೋವು ಏರುತ್ತಲೇ ಹೋದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಪಂಪ್‌ವೆಲ್ಲಿನವರಿಗೆ ಅದು ದೂರವೂ ಅಲ್ಲ. ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಔಷಧಾಲಯ ಸಮೀಪದ ಕಂಕನಾಡಿಯಲ್ಲಿ ದೊಡ್ಡ ಆಸ್ಪತ್ರೆಯಾಗಿ ಬೆಳೆದು ನಿಂತಿದೆ.

ಪ್ಲಾಸ್ಟರು ಬಿಚ್ಚಿದಾಗ ಮೊಣಕೈ ಬಿಗಿದಿರುತ್ತದೆ. ಅದನ್ನು ಎಳೆಯಬಾರದು, ತಿಕ್ಕಬಾರದು. ಮಗುವನ್ನು ಅದರ ಪಾಡಿಗೆ ಮೆಲ್ಲಮೆಲ್ಲನೆ ಆಡಗೊಟ್ಟರೆ ಕೆಲವು ವಾರಗಳಲ್ಲಿ ಕೈ ತಾನಾಗಿ ಚಾಚೀತು. ಇಲ್ಲಿ ಅವಸರಕ್ಕಿಂತ ತಾಳ್ಮೆಯೇ ದೊಡ್ಡ ವೈದ್ಯ.